ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ಮೇಲೆ ಕೊಪ್ಪಳದ ಕಡೆಯ ಕುಟುಂಬಗಳು ಹೇಗೆ ನಿಭಾಯಿಸುತ್ತವೆ?

ಹೆಚ್ಚಿನವು ಮನೆಯನ್ನೇ ಪಾಲು ಮಾಡಿಕೊಂಡು ನಿಭಾಯಿಸುತ್ತವೆ: ತಾಯಿ ಮಗುವಿನೊಂದಿಗೆ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯ ಬಳಿ ಉಳಿಯುತ್ತಾಳೆ, ತಂದೆ ಹೊಲ ಅಥವಾ ಕೂಲಿ ಬಿಡಲಾಗದೆ ಊರಿಗೂ ಆಸ್ಪತ್ರೆಗೂ ಓಡಾಡುತ್ತಾನೆ, ಉಳಿದ ಮಕ್ಕಳು ಅಜ್ಜಿಯ ಮನೆ ಸೇರುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನ ಚಿಕಿತ್ಸೆ 2ರಿಂದ 3 ವರ್ಷ ನಡೆಯುವುದರಿಂದ, ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಕಳೆಯುವ ಧೈರ್ಯ ಇಲ್ಲಿ ಸಾಲದು. ಮುಂದೇನು ಎಂಬುದು ಕೈಯಲ್ಲಿಲ್ಲದಾಗ, ಇಂದಿನ ಕೆಲಸವಾದರೂ ಕೈಯಲ್ಲಿದೆ ಎಂಬುದೇ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಅದಕ್ಕೇ ಓದು ಅಷ್ಟಾಗಿ ಬಾರದ ತಾಯಿಯೂ ಜ್ವರ ಎಷ್ಟಿತ್ತು, ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂಬುದನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡುತ್ತಾಳೆ, ಊರಿಂದ ಬಂದ ಕಟಕ್ ರೊಟ್ಟಿಯನ್ನು ಪಕ್ಕದ ಹಾಸಿಗೆಯವರಿಗೂ ಹಂಚುತ್ತಾಳೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಭರಿಸುತ್ತದೆ. ಆದರೆ ಬಾಡಿಗೆ, ಊಟ, ತಪ್ಪಿದ ಕೂಲಿ ಅದರೊಳಗೆ ಬರುವುದಿಲ್ಲ, ಸಾಲ ಬೆಳೆಯುವುದು ಅಲ್ಲಿಯೇ. ಎಲ್ಲರೂ ಮರೆಯುವುದು, ನನ್ನ ಪ್ರಕಾರ, ಊರಲ್ಲುಳಿದ ಮಕ್ಕಳನ್ನು. ತಾನು ಹೊಡೆದದ್ದರಿಂದಲೇ ತಮ್ಮನಿಗೆ ಕಾಯಿಲೆ ಬಂತೆಂದು ಚಿಕ್ಕವರು ನಂಬಿಬಿಡುವುದುಂಟು. ಇದು ಅಂಟುವ ರೋಗವಲ್ಲ, ನಿನ್ನ ತಪ್ಪೂ ಅಲ್ಲ ಎಂದು ಅವರಿಗೆ ಫೋನಿನಲ್ಲಾದರೂ ಬಿಡಿಸಿ ಹೇಳಬೇಕಾಗುತ್ತದೆ.