ಕಂಪನಿಯ ಸ್ವಂತ ಡೇಟಾಬೇಸ್ ಇರುವಾಗ ಎಂಬೇಸ್‌ಗೆ ಚಂದಾ ಕಟ್ಟಬೇಕಾ?

ಒಂದೇ ಔಷಧವನ್ನು ನಿಮ್ಮ ಔಷಧ ಕಂಪನಿಯ ಡೇಟಾಬೇಸ್‌ನಲ್ಲೂ, ಚಂದಾ ಕಟ್ಟಿ ಬಳಸುವ ವೈದ್ಯಕೀಯ ಲೇಖನಗಳ ಡೇಟಾಬೇಸ್ ಆದ ಎಂಬೇಸ್‌ನಲ್ಲೂ ಹುಡುಕಿ, ಎಲ್ಲಿ ಜಾಸ್ತಿ ಲೇಖನ ಸಿಗುತ್ತೋ ಅದನ್ನು ಉಳಿಸಿಕೊಳ್ಳುತ್ತೇವೆ ಅಂದಿದ್ದೀರಿ. ನಾನೂ ಹಾಗೇ ಮಾಡಿದ್ದೆ. ದಯವಿಟ್ಟು ಎಣಿಸೋಕೆ ಹೋಗಬೇಡಿ.

ನಾನು ಆರಿಸಿಕೊಂಡದ್ದು ಆಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್, ಅದರ ಅಡ್ಡಪರಿಣಾಮದ ಲೇಖನಗಳು. ನಮ್ಮ ಡೇಟಾಬೇಸ್‌ನಲ್ಲಿ ಒಂದು ಹೆಸರು ಕೊಟ್ಟರೆ ಅದೇ ಔಷಧದ ಬೇರೆ ಹೆಸರುಗಳನ್ನೂ ಹುಡುಕುವ ವ್ಯವಸ್ಥೆ ಏನೂ ಇರಲಿಲ್ಲ. ಒಬ್ಬರು ಮೇಡಂ ಪೂರ್ತಿ ಲೇಖನ ಓದಿ ಕೈಯಾರೆ ಕೀವರ್ಡ್ ಹಾಕುತ್ತಿದ್ದರು. ಹಾಗಿರುವಾಗ ಎಂಬೇಸ್‌ಗೆ, ಅದರ ಜೊತೆ ನೋಡಿದ್ದ ಉಚಿತ ವೈದ್ಯಕೀಯ ಡೇಟಾಬೇಸ್ ಪಬ್‌ಮೆಡ್‌ಗೆ ಮಾತ್ರ ಆ ಅನುಕೂಲ ಕೊಟ್ಟರೆ ಮೋಸ ಅಲ್ವಾ ಅನ್ನಿಸಿತು. ಮೂರೂ ಕಡೆ ಒಂದೇ ಪದ ಕೊಟ್ಟೆ. ಅವೆರಡರಲ್ಲಿ ಶೀರ್ಷಿಕೆ, ಸಾರಾಂಶ ಬಿಟ್ಟು ಬೇರೆಲ್ಲೂ ನೋಡದ ಹಾಗೆ ಕಟ್ಟಿಹಾಕಿದೆ. ಎಂಥ ನ್ಯಾಯ ನೋಡಿ!

ಅಮೆರಿಕದವರು ಇದೇ ಔಷಧವನ್ನು ಆಲ್ಬ್ಯುಟೆರಾಲ್ ಅಂತ ಬರೆಯುತ್ತಾರೆ. ಪಬ್‌ಮೆಡ್‌ನಲ್ಲಿ ಸುಮ್ನೆ ಸಾಲ್ಬುಟಮಾಲ್ ಅಂತ ಟೈಪ್ ಮಾಡಿದ್ದರೂ ಅದು ತಾನಾಗಿಯೇ ಆಲ್ಬ್ಯುಟೆರಾಲ್ ಎಂಬ ಮೆಶ್ (ಲೇಖನಗಳಿಗೆ ಹಾಕುವ ವಿಷಯಪದಗಳ ಪಟ್ಟಿ) ಪದವನ್ನೂ ಸೇರಿಸಿಕೊಳ್ಳುತ್ತಿತ್ತು. ಎಂಬೇಸ್‌ನ ಇಂಥದ್ದೇ ಪಟ್ಟಿಯಾದ ಎಮ್‌ಟ್ರೀಯಲ್ಲಂತೂ ಎರಡು ಹೆಸರೂ ಒಂದೇ ಕಡೆ ಇವೆ. ಆ ಬಾಗಿಲನ್ನೇ ನಾನು ಮುಚ್ಚಿದ್ದೆ. ಲೇಖಕರು ಏನೇ ಬರೆದಿರಲಿ, ನಮ್ಮ ಮೇಡಂ ಮಾತ್ರ ಸಾಲ್ಬುಟಮಾಲ್ ಅಂತಲೇ ಹಾಕಿರುತ್ತಿದ್ದರು. ಲೆಕ್ಕದಲ್ಲಿ ನಮ್ಮದೇ ಗೆದ್ದಿತು. ಎಂಬೇಸ್ ಚಂದಾ ನಿಲ್ಲಿಸಿದರು.

ಅಡ್ಡಪರಿಣಾಮದ ಲೇಖನಗಳನ್ನು ಸರಿಯಾಗಿ ಹುಡುಕುತ್ತೀವಾ ಅಂತ ನೋಡುವ ಮುಂದಿನ ತಪಾಸಣೆಗೆ ಬಂದವರು ಒಂದು ಹಾಳೆ ಮುಂದಿಟ್ಟರು. ಯಾವುದೋ ಸಮ್ಮೇಳನದ ಸಾರಾಂಶ, ಒಂದೇ ಪ್ಯಾರಾ. ಆಲ್ಬ್ಯುಟೆರಾಲ್ ಎಂಬ ಪದದ ಕೆಳಗೆ ಪೆನ್ಸಿಲ್ ಗೆರೆ. "ಇದು ನಿಮಗೆ ಯಾಕೆ ಸಿಗಲಿಲ್ಲ?" ನಾವು ತರಿಸುತ್ತಿದ್ದ ಪತ್ರಿಕೆಗಳಲ್ಲಿ ಅದು ಬಂದಿರಲಿಲ್ಲ. ಎಂಬೇಸ್‌ನಲ್ಲಿ 2009ರಿಂದಲೇ ಸಮ್ಮೇಳನದ ಸಾರಾಂಶಗಳು ಬರುತ್ತಿವೆ. ಬಾಯಿ ಬಿಡೋಕೆ ಆಗಲಿಲ್ಲ.

ಹಾಗಾಗಿ 'ಎರಡರಲ್ಲಿ ಯಾವುದು' ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಹೊರಗೆ ಬಂದದ್ದನ್ನು ಹುಡುಕೋಕೆ ಹೊರಗಿನದೇ ಬೇಕು. ಪ್ರಕಟವಾಗದ ನಿಮ್ಮ ವರದಿಗಳು, ಔಷಧಕ್ಕೆ ಹೆಸರಿಡುವ ಮೊದಲಿನ ಲ್ಯಾಬ್ ಕೋಡ್ ಇರುವ ಹಳೇ ಕಡತಗಳು ಯಾವ ಚಂದಾ ಕಟ್ಟಿದರೂ ಸಿಗಲ್ಲ. ಹೋಲಿಸಲೇಬೇಕು ಅಂದರೆ, ಸಿಗಲೇಬೇಕಾದ ಇಪ್ಪತ್ತು ಲೇಖನ ಮೊದಲೇ ಗೊತ್ತುಮಾಡಿಕೊಳ್ಳಿ. ಆಯಾ ಡೇಟಾಬೇಸ್‌ಗೆ ಒಗ್ಗುವ ಪದ ಕೊಟ್ಟು, ಎಲ್ಲಿ ಯಾವುದು ತಪ್ಪಿತು, ಯಾಕೆ ತಪ್ಪಿತು ಅಂತ ನೋಡಿ.

ಅದಕ್ಕೂ ಮೊದಲು ನಿಮ್ಮಲ್ಲಿ ಕೀವರ್ಡ್ ಹಾಕುವವರ ಹತ್ತಿರ ಒಂದು ಗಂಟೆ ಕೂತುಕೊಳ್ಳಿ. ನಮ್ಮ ಮೇಡಂ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಎರಡೂ ಹೆಸರು ಅಕ್ಕಪಕ್ಕ ಬರೆದಿದ್ದವು. ನಾನು ಕೇಳಿರಲಿಲ್ಲ, ಅಷ್ಟೇ.