ಒಂಬತ್ತನೇ ವಾರದಿಂದ ಬಾರದ ಹುಡುಗಿ

ಓದುಗರ ಪತ್ರ: "ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಎರಡು ವರ್ಷದ ಡಿಗ್ರಿ ಕೊಡುವ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ನನ್ನ ತರಗತಿಯಲ್ಲಿ ಮುಕ್ಕಾಲು ಪಾಲು ಹಿಸ್ಪಾನಿಕ್ ಮಕ್ಕಳು, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರು. ಟ್ಯೂಟರ್ ಇದ್ದಾರೆ, ಲೈಬ್ರರಿ ಇದೆ, ಸಹಾಯಧನ ಇದೆ. ಆದರೂ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಮೊದಲ ಟೆಸ್ಟ್‌ನಲ್ಲಿ 91 ತೆಗೆದ ಹುಡುಗಿ ಒಂಬತ್ತನೇ ವಾರದಿಂದ ಬರಲೇ ಇಲ್ಲ. ನಾವು ಎರಡು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದು ಓದಿದವರು. ಇವರಿಗೆ ಹಠ ಇಲ್ಲ. ಮನೆಯವರಿಗೆ ಓದಿನ ಬೆಲೆ ಗೊತ್ತಿಲ್ಲ. ಕಾರಿಡಾರಿನಲ್ಲೂ ಸ್ಪ್ಯಾನಿಷ್ ಬಿಡುವುದಿಲ್ಲ. ನನ್ನ ಮಕ್ಕಳು ಪ್ರತಿ ಭಾನುವಾರ ಕನ್ನಡ ತರಗತಿಗೂ ಹೋಗಿ, ಶಾಲೆಯಲ್ಲೂ ಮುಂದಿದ್ದಾರೆ. ಕಾಲೇಜು ಇನ್ನೇನು ಮಾಡಬೇಕು?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಆ 91ರ ಹುಡುಗಿ ನನ್ನ ತಲೆಯಿಂದ ಹೋಗುತ್ತಿಲ್ಲ. ಹನ್ನೊಂದು ವರ್ಷದಲ್ಲಿ ನೂರಾರು ಮಕ್ಕಳನ್ನು ನೋಡಿದ ನೀವು ಒಬ್ಬಳ ಅಂಕವನ್ನು ನೆನಪಿಟ್ಟುಕೊಂಡು ಬರೆದಿದ್ದೀರಿ. ನಿಮ್ಮ ಮನಸ್ಸು ಒಳ್ಳೆಯದು ಎನ್ನುವುದಕ್ಕೆ ನನಗೆ ಅಷ್ಟು ಸಾಕು. ಅದಕ್ಕೇ ಸ್ವಲ್ಪ ಸಲಿಗೆಯಿಂದ ಬರೆಯುತ್ತೇನೆ.

ಓದಬೇಕಾದವರು ಮಕ್ಕಳೇ, ಒಪ್ಪಿದೆ. ಅವರ ಲೆಕ್ಕವನ್ನು ಕಾಲೇಜು ಬಿಡಿಸಿ ಕೊಡಲಾಗದು.

ಆದರೆ ಎರಡು ಸೂಟ್‌ಕೇಸಿನ ಮಾತು ಮಾತ್ರ ಒಪ್ಪಲಾರೆ. ಆ ಸೂಟ್‌ಕೇಸ್ ಹಿಡಿಯುವ ಮೊದಲು ನೀವು ಎಷ್ಟು ಜರಡಿ ದಾಟಿದ್ದಿರಿ, ನೆನಪು ಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಆಮೇಲೆ ಅಮೆರಿಕದಲ್ಲಿ ಓದಲು ಬರೆಯುವ ಪರೀಕ್ಷೆ ಜಿಆರ್‌ಇ, ವೀಸಾ. ಒಂದೊಂದರಲ್ಲೂ ನಿಮ್ಮ ಊರಿನ ಹುಡುಗರು ಉದುರಿದರು. ಉಳಿದ ಕಾಳು ನೀವು. ನಿಮ್ಮ ತರಗತಿಯಲ್ಲಿ ಕೂತವರು ಒಂದು ಊರಿಗೆ ಊರೇ. ನಿಮ್ಮನ್ನು ಅವರ ಜೊತೆ ಹೋಲಿಸುವ ಬದಲು, ನಿಮ್ಮ ಜೊತೆ ಏಳನೇ ಕ್ಲಾಸಿನಲ್ಲಿ ಕೂತಿದ್ದ ಎಲ್ಲರನ್ನೂ ಹೋಲಿಸಿ ನೋಡಿ.

ಇನ್ನೊಂದು ಮಾತು. ಅಮೆರಿಕದಲ್ಲಿ ಕಾಲೇಜಿಗೆ ಹೋಗುವ ಹಿಸ್ಪಾನಿಕ್ ಮಕ್ಕಳಲ್ಲಿ ಹೆಚ್ಚಿನವರು ಅಲ್ಲೇ ಹುಟ್ಟಿದವರು. ಟೆಕ್ಸಾಸ್‌ನ ಎಷ್ಟೋ ಮನೆತನಗಳು ಅದು ಮೆಕ್ಸಿಕೋ ಆಗಿದ್ದ ಕಾಲದಿಂದ ಅಲ್ಲೇ ಇವೆ. ಸೂಟ್‌ಕೇಸ್ ಹಿಡಿದು ಬಂದವರು ನೀವು. ಅವರು ಮನೆಯಲ್ಲೇ ಇದ್ದವರು.

ಸ್ಪ್ಯಾನಿಷ್ ಬಗ್ಗೆ ನೀವು ಬರೆದದ್ದು ನನಗೆ ಹೆಚ್ಚು ನೋವು ಕೊಟ್ಟಿತು. ನಿಮ್ಮ ರಾಜ್ಯದಲ್ಲೇ ಮಾರ್ಫಾ ಎಂಬ ಸಣ್ಣ ಊರಿದೆ. ಅಲ್ಲಿನ ಬ್ಲ್ಯಾಕ್‌ವೆಲ್ ಶಾಲೆ ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ ಬೇರೆ ಮಾಡಿಟ್ಟ ಶಾಲೆ. 1954ರಲ್ಲಿ ಅಲ್ಲಿನ ಮಕ್ಕಳ ಕೈಯಲ್ಲಿ ಚೀಟಿ ಬರೆಸಿದರು. ಇನ್ನು ಸ್ಪ್ಯಾನಿಷ್ ಮಾತಾಡುವುದಿಲ್ಲ ಅಂತ. ಆ ಚೀಟಿಗಳನ್ನು ಒಂದು ಪೆಟ್ಟಿಗೆಗೆ ಹಾಕಿ, ಶವಸಂಸ್ಕಾರದ ಹಾಗೆ ಶಾಲೆಯ ಅಂಗಳದಲ್ಲಿ ಹೂಳಿಸಿದರು. ಅಮ್ಮ ಮಾತಾಡುವ ಭಾಷೆಯನ್ನು ಮಗುವಿನ ಕೈಯಿಂದಲೇ ಮಣ್ಣು ಮಾಡಿಸುವುದು! 2022ರಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಸ್ಮಾರಕ ತಾಣವೆಂದು ಕಾನೂನು ಮಾಡಿದರು. ಹಾಗೆ ತಮ್ಮ ಭಾಷೆಯನ್ನು ಹೂಳಬೇಕಾಗಿ ಬಂದ ಮಕ್ಕಳ ಮೊಮ್ಮಕ್ಕಳು ಇವತ್ತು ನಿಮ್ಮ ಕಾರಿಡಾರಿನಲ್ಲಿ ಓಡಾಡುತ್ತಿರಬಹುದು. ನಿಮ್ಮ ಮಕ್ಕಳ ಕನ್ನಡ ಓದಿಗೆ ಅಡ್ಡ ಬರಲಿಲ್ಲ. ಅವರ ಸ್ಪ್ಯಾನಿಷ್ ಹೇಗೆ ಅಡ್ಡ ಬಂತು? ಅಡ್ಡ ಬರುವುದು ಕಾಲೇಜಿನ ಇಂಗ್ಲಿಷ್ ಒಂದೇ ಇರುವ ಕಾಗದ. ಮಗಳ ಫೀಸಿನ ಪತ್ರವನ್ನು ಅಮ್ಮ ಓದಲಾಗದೆ ಮಗಳೇ ಅನುವಾದ ಮಾಡಿ ಹೇಳಬೇಕು. ಮಗಳು ಅರ್ಧ ಬಚ್ಚಿಡುತ್ತಾಳೆ, ಅಮ್ಮನಿಗೆ ಚಿಂತೆ ಆಗಬಾರದು ಅಂತ.

ಹಾಗಾದರೆ ಕಾಲೇಜು ಇನ್ನೇನು ಮಾಡಬೇಕು? ಮಾಡಿ ತೋರಿಸಿದವರು ಇದ್ದಾರೆ, ಮೇಷ್ಟ್ರೇ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 2007ರಲ್ಲಿ ಕಮ್ಯುನಿಟಿ ಕಾಲೇಜುಗಳಲ್ಲಿ 'ಅಸಾಪ್' ಎಂಬ ಯೋಜನೆ ಶುರು ಮಾಡಿತು. ಸಹಾಯಧನ ಸಾಲದೆ ಉಳಿಯುವ ಫೀಸನ್ನು ಕಾಲೇಜೇ ತುಂಬಿತು. ಪುಸ್ತಕ ಕೊಟ್ಟಿತು. ಮೆಟ್ರೋ ಪಾಸ್ ಕೊಟ್ಟಿತು. ಎಲ್ಲಕ್ಕಿಂತ ದೊಡ್ಡದು, ಪ್ರತಿ ಮಗುವಿಗೂ ಒಬ್ಬ ಸಲಹೆಗಾರ. ಆ ಸಲಹೆಗಾರರ ಕೈಯಲ್ಲಿ 60ರಿಂದ 80 ಮಕ್ಕಳು. ಮಾಮೂಲಿ ಕಾಲೇಜು ಕಚೇರಿಯಲ್ಲಿ ಒಬ್ಬರಿಗೆ 600ಕ್ಕೂ ಜಾಸ್ತಿ. ಬಂದು ಮುಖ ತೋರಿಸಿದವರಿಗೆ ಮಾತ್ರ ಮುಂದಿನ ತಿಂಗಳ ಪಾಸ್. ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಎಲ್ಲರೂ ಬಡವರೇ, ದಾಖಲಾಗುವಾಗ ಎಲ್ಲರೂ ಇಂಗ್ಲಿಷಿನಲ್ಲೋ ಗಣಿತದಲ್ಲೋ ಹಿಂದಿದ್ದವರೇ. ದೊಡ್ಡ ಪಾಲು ಹಿಸ್ಪಾನಿಕ್. ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಯೋಜನೆ ಇಲ್ಲದ ಕಡೆ ನೂರಕ್ಕೆ 22, ಇದ್ದ ಕಡೆ 40. ಹಠವನ್ನು ಮೆಟ್ರೋ ಪಾಸಿನ ಜೊತೆ ಹಂಚಿರಲಿಲ್ಲ. ಅದು ಎರಡೂ ಗುಂಪಿನಲ್ಲಿ ಒಂದೇ ಸಮ ಇತ್ತು.

ಪಾಸು, ಪುಸ್ತಕ, ಸಣ್ಣ ಬಾಕಿ. ಇವು ಸಣ್ಣವು ಅನಿಸುತ್ತವೆ, ಅಲ್ವಾ? ನನಗೆ ಅನಿಸುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ನಾನು. ಪಿಯುಸಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಆಫೀಸಿನ ಕಿಟಕಿಗೆ ಮೂರು ಸಲ ಹೋದೆ. ಒಂದು ಸಲ ಆದಾಯದ ಪತ್ರ ಇಲ್ಲ ಅಂದರು. ಇನ್ನೊಂದು ಸಲ ಸೀಲು ಸರಿಯಿಲ್ಲ ಅಂದರು. ಮೂರನೇ ಸಲ ತಾರೀಖು ಮುಗಿದಿತ್ತು. ಅಪ್ಪ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಹೋಗಿ ತಂದ ಪತ್ರ ಅದು. ಇನ್ನು ಕಾಲೇಜು ಬೇಡ ಅಂತ ಮನೆಗೆ ಹೊರಟಿದ್ದೆ. ಕಾಲೇಜಿನ ಅಟೆಂಡರ್ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ, ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು. ಆ ದಿನ ಆ ಅಟೆಂಡರ್ ರಜೆಯಲ್ಲಿದ್ದಿದ್ದರೆ ಈ ಉತ್ತರ ಬರೆಯಲು ನಾನು ಇರುತ್ತಿರಲಿಲ್ಲ.

ನಿಮ್ಮ ತರಗತಿಯ ಮಕ್ಕಳ ಕಿಟಕಿಯ ಹೆಸರು ಫಾಫ್ಸಾ. ಸಹಾಯಧನಕ್ಕೆ ಹಾಕುವ ಅರ್ಜಿ. 2023ರ ಕೊನೆಯಲ್ಲಿ ಅದರ ಹೊಸ ರೂಪ ಬಂತು. ಅಪ್ಪ ಅಮ್ಮನಿಗೆ ಅಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಅರ್ಜಿ ಮುಂದಕ್ಕೇ ಹೋಗುತ್ತಿರಲಿಲ್ಲ. ಮಗು ಅಮೆರಿಕದ ಪ್ರಜೆ, ಸಹಾಯಧನ ಅದರ ಹಕ್ಕು. ಆದರೂ ತಿಂಗಳುಗಟ್ಟಲೆ ಕಾಯಬೇಕಾಯಿತು. ಅಷ್ಟರಲ್ಲಿ ಕೆಲಸ ಸಿಕ್ಕಿದ ಮಗು ಮತ್ತೆ ಕಾಲೇಜಿನ ಕಡೆ ತಿರುಗುತ್ತದೆಯೇ?

ಹಠದ ಕಥೆಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ನಮ್ಮಲ್ಲಿ ಪ್ರತಿ ವರ್ಷ ಫಲಿತಾಂಶ ಬಂದಾಗ ಪತ್ರಿಕೆಗಳಲ್ಲಿ ಆಟೋ ಚಾಲಕರ ಮಗಳ ಫೋಟೋ ಬರುತ್ತದೆ. ಬೀದಿ ದೀಪದಡಿ ಓದಿದ ಹುಡುಗನ ಫೋಟೋ ಬರುತ್ತದೆ. ನಮ್ಮ ಪತ್ರಿಕೆಯಲ್ಲೂ ಬಂದಿದೆ. ಅವರ ಮನೆಗೆ ಕರೆಂಟ್ ಯಾಕಿಲ್ಲ ಅಂತ ನಾವು ಕೇಳಲಿಲ್ಲ. ಅದೇ ಬೀದಿಯ ಉಳಿದ ಮಕ್ಕಳು ಏನಾದರು ಅಂತಲೂ ಕೇಳಲಿಲ್ಲ.

ಅಮೆರಿಕದಲ್ಲಿ ಹೈಮೆ ಎಸ್ಕಲಾಂಟೆ ಅವರ ಕಥೆಯೂ ಹೀಗೇ ಆಯಿತು. ಬೊಲಿವಿಯಾದಿಂದ ಬಂದ ಗಣಿತದ ಮೇಷ್ಟ್ರು. 1982ರಲ್ಲಿ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನ ಅವರ 18 ಮಕ್ಕಳು ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ ಪಾಸಾದರು. ಪರೀಕ್ಷೆ ನಡೆಸಿದವರು 14 ಮಕ್ಕಳು ನಕಲು ಮಾಡಿದರೆಂದು ಅನುಮಾನ ಪಟ್ಟರು. 12 ಮಕ್ಕಳು ಮತ್ತೆ ಬರೆದು ಮತ್ತೆ ಪಾಸಾದರು. ಎಲ್ಲರೂ ಹೇಳುವುದು ಇಷ್ಟೇ. ಬೆನ್ನಿಗೆ ನಿಂತ ಪ್ರಿನ್ಸಿಪಾಲರು ಹೆನ್ರಿ ಗ್ರಾಡಿಲ್ಲಾಸ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಪಕ್ಕದ ಈಸ್ಟ್ ಲಾಸ್ ಏಂಜಲೀಸ್ ಕಾಲೇಜು ಬೇಸಿಗೆಯಲ್ಲಿ ತರಗತಿಗೆ ಜಾಗ ಕೊಟ್ಟಿದ್ದು ಗೊತ್ತೇ? ಪ್ರಿನ್ಸಿಪಾಲರು ಹೋದರು, 1991ರಲ್ಲಿ ಎಸ್ಕಲಾಂಟೆ ಅವರೂ ಹೋದರು. ಪಾಸಾಗುವವರ ಸಂಖ್ಯೆ ಇಳಿಯಿತು. ಮಕ್ಕಳು ಅದೇ ಬೀದಿಯ ಮಕ್ಕಳೇ.

ನಿಮ್ಮ ರಾಜ್ಯದ್ದೇ ಎಲ್ ಪಾಸೋ ನೋಡಿ. ಅಲ್ಲಿನ ವಿಶ್ವವಿದ್ಯಾಲಯವನ್ನು ಡಯಾನಾ ನಟಾಲಿಸಿಯೋ 1988ರಿಂದ 2019ರವರೆಗೆ ನಡೆಸಿದರು. ವಿದ್ಯಾರ್ಥಿಗಳಲ್ಲಿ ನೂರಕ್ಕೆ 80ರಷ್ಟು ಹಿಸ್ಪಾನಿಕ್. ಊರಿನ ಮಕ್ಕಳಿಗೆ ಬಾಗಿಲು ಕಿರಿದು ಮಾಡಲಿಲ್ಲ. ಬಾಗಿಲು ತೆರೆದಿಟ್ಟುಕೊಂಡೇ ಅದು ದೇಶದ ಮೊದಲ ಸಾಲಿನ ಸಂಶೋಧನಾ ವಿಶ್ವವಿದ್ಯಾಲಯಗಳ ಪಟ್ಟಿಗೆ ಸೇರಿತು.

ಇಂಥ ಕೆಲಸಕ್ಕೆ ಹಣ ಬೇಕು. ಹಿಸ್ಪಾನಿಕ್ ವಿದ್ಯಾರ್ಥಿಗಳು ನೂರಕ್ಕೆ 25 ಇದ್ದರೆ ಕಾಲೇಜಿಗೆ ಕೇಂದ್ರದ ಅನುದಾನ ಕೇಳುವ ಹಾದಿ ಇತ್ತು. ಅಂಥ ಕಾಲೇಜುಗಳು ಸುಮಾರು 600. ಆ ಹಣದಲ್ಲಿ ಬಂದ ಟ್ಯೂಟರ್ ಹತ್ತಿರ ಬಿಳಿಯ ಹುಡುಗನೂ ಕೂತು ಕಲಿಯುತ್ತಿದ್ದ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಇದು ಜನಾಂಗದ ಲೆಕ್ಕ, ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿ, ಇಂಥ ಹಲವು ಯೋಜನೆಗಳ ಸುಮಾರು 35 ಕೋಟಿ ಡಾಲರ್ ತಡೆದುಬಿಟ್ಟಿತು. ಟ್ಯೂಟರ್ ಇದ್ದಾರೆ ಎಂದು ಬರೆದಿದ್ದೀರಲ್ಲ, ಮುಂದಿನ ವರ್ಷವೂ ಇರುತ್ತಾರಾ ಅಂತ ಒಮ್ಮೆ ವಿಚಾರಿಸಿ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಒಂಬತ್ತನೇ ವಾರ ಏನಾಯಿತು? ಕಾರು ಕೆಟ್ಟಿತೇ? ಅಂಗಡಿಯಲ್ಲಿ ಶಿಫ್ಟ್ ಬದಲಾಯಿತೇ? ತಮ್ಮನನ್ನು ನೋಡಿಕೊಳ್ಳುವವರು ಇರಲಿಲ್ಲವೇ? ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರ ಇಲ್ಲ. ಯಾರೂ ಕೇಳಿಲ್ಲ ಅನಿಸುತ್ತದೆ. ಅವಳ ನಂಬರ್ ನಿಮ್ಮ ಆಫೀಸಿನಲ್ಲಿ ಇದ್ದೇ ಇರುತ್ತದೆ. ಸೋಮವಾರ ಫೋನ್ ಮಾಡಿ. ಅವಳ ಅಮ್ಮ ಎತ್ತಬಹುದು. ಪಕ್ಕದಲ್ಲಿ ಸ್ಪ್ಯಾನಿಷ್ ಬರುವ ಒಬ್ಬರನ್ನು ಕೂರಿಸಿಕೊಂಡಿರಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.