ಕಾಳಿ ಹೊಳೆಗೆ ಆಗ ಸೇತುವೆ ಇರಲಿಲ್ಲ

ಪ್ರಿಯ ಲೇಖಕರೆ,

ನಿಮ್ಮ ಪತ್ತೇದಾರಿ ಕಾದಂಬರಿಯ ಮೊದಲ ಮೂರು ಅಧ್ಯಾಯ ಓದಿದೆ. ಪಾನನಿರೋಧದ ಕಾಲದ ಕಾರವಾರ, ಗಡಿಯಾಚೆ ಪೋರ್ಚುಗೀಸರ ಗೋವಾ, ರಾತ್ರಿ ಹೊತ್ತು ಕಳ್ಳತನದಲ್ಲಿ ಬರುವ ಗೇರುಹಣ್ಣಿನ ಸಾರಾಯಿ ಫೆನ್ನಿ, 1953ರ ಆಗಸ್ಟಿನಲ್ಲಿ ಹೊಳೆಯ ಆಚೆ ದಡದಲ್ಲಿ ಸಿಕ್ಕ ಒಂದು ಹೆಣ. ವಸ್ತು ಚೆನ್ನಾಗಿದೆ, ಭಾಷೆಯೂ ಓಡುತ್ತದೆ. ಇನ್ನು ನನ್ನ ತಕರಾರು.

ಎರಡನೇ ಅಧ್ಯಾಯದಲ್ಲಿ ಬರೆದಿದ್ದೀರಿ: "ಇನ್‌ಸ್ಪೆಕ್ಟರರ ಜೀಪು ಕಾಳಿ ಸೇತುವೆ ದಾಟಿ ಹತ್ತೇ ನಿಮಿಷದಲ್ಲಿ ಸದಾಶಿವಗಡ ಸೇರಿತು." ಯಾವ ಸೇತುವೆ ಸ್ವಾಮಿ? ಅಲ್ಲಿ ಹೆದ್ದಾರಿ ಸೇತುವೆ ಆದದ್ದು 80ರ ದಶಕದಲ್ಲಿ. 2024ರ ಆಗಸ್ಟಿನಲ್ಲಿ ಕುಸಿದು ಬಿತ್ತಲ್ಲ, ಅದೇ. ನಿಮ್ಮ ಇನ್‌ಸ್ಪೆಕ್ಟರ್ ಈಚೆ ದಡದ ಕೋಡಿಬಾಗಕ್ಕೆ ಬಂದು ತಾರಿಗೆ, ಅಂದರೆ ಹೊಳೆ ದಾಟಿಸುವ ದೋಣಿಗೆ, ಕಾಯಬೇಕು.

ಬರೀ ಇಸವಿಯ ತಪ್ಪಾಗಿದ್ದರೆ ಪೆನ್ಸಿಲ್ ಗುರುತು ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ನಿಮ್ಮ ಕೊಲೆಗಾರ ರಾತ್ರಿ ಒಂಬತ್ತಕ್ಕೆ ಪೇಟೆಯ ಕಿರಾಣಿ ಅಂಗಡಿಯಲ್ಲಿದ್ದ. ಕೊಲೆ ನಡೆದದ್ದು ಹತ್ತಕ್ಕೆ, ಆಚೆ ದಡದಲ್ಲಿ. ಸೇತುವೆ ಇದ್ದರೆ ಇದರಲ್ಲಿ ಸೋಜಿಗ ಏನು ಬಂತು? ಅದನ್ನು ಕಿತ್ತುಹಾಕಿ ನೋಡಿ. ಶ್ರಾವಣದ ಮಳೆ, ತುಂಬಿದ ಹೊಳೆ. ತಾರಿ ನಿಂತ ಮೇಲೆ ಅವನನ್ನು ದಾಟಿಸಿದ ಅಂಬಿಗ ಯಾರು? ಎಷ್ಟು ದುಡ್ಡಿಗೆ ಬಾಯಿ ಮುಚ್ಚಿದ? ಇನ್‌ಸ್ಪೆಕ್ಟರ್ ಬೆಳಗಿನ ತನಕ ಈಚೆಯೇ ಕೂರಬೇಕು. ಅಷ್ಟರಲ್ಲಿ ಆಚೆ ಏನೇನು ಮಾಯವಾಯಿತು? ಒಗಟು ಇದ್ದದ್ದೇ ಆ ಹೊಳೆಯಲ್ಲಿ. ನೀವು ಅದರ ಮೇಲೆ ಜೀಪು ಓಡಿಸಿಬಿಟ್ಟಿರಿ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿದ ಹೊಸತರಲ್ಲಿ, ಪತ್ತೇದಾರಿ ಧಾರಾವಾಹಿಯ ಕಂತು ಬಂದರೆ ಹಿರಿಯ ಸಂಪಾದಕರು ಕಾಗುಣಿತಕ್ಕೆ ಕೈಹಾಕಲು ಬಿಡುತ್ತಿರಲಿಲ್ಲ. ಯಾವ ಪಾತ್ರ ಎಷ್ಟು ಹೊತ್ತಿಗೆ ಎಲ್ಲಿತ್ತು, ಯಾವ ಬಸ್ಸಿಗೆ ಬಂತು ಅಂತ ಮೊದಲು ಅಂಚಿನಲ್ಲಿ ಬರೆಯಬೇಕು. ಲೆಕ್ಕ ಕೂಡದಿದ್ದರೆ ಎಂಥ ದೊಡ್ಡ ಲೇಖಕರದೇ ಆಗಲಿ, ಕಂತು ವಾಪಸು. ಬೈಸಿಕೊಂಡದ್ದು ಮಾತ್ರ ನಾನು. ಆ ಚಾಳಿ ಇನ್ನೂ ಹೋಗಿಲ್ಲ; ನಿಮ್ಮ ಹಸ್ತಪ್ರತಿಯ ಅಂಚು ನೋಡಿದರೆ ತಿಳಿಯುತ್ತದೆ.

ಇನ್ನೊಂದು. ಹೆಣದ ಪಕ್ಕ ನಿಂತು ಪೇದೆ ಹೇಳುತ್ತಾನೆ: "ಸರ್, ನಿಮಗೆ ಗೊತ್ತಿರುವಂತೆ 1949ರ ಮುಂಬೈ ಪಾನನಿರೋಧ ಕಾಯ್ದೆಯ ಪ್ರಕಾರ ಮದ್ಯ ಇಟ್ಟುಕೊಳ್ಳುವುದು ಅಪರಾಧ." ಗೊತ್ತಿದ್ದವರಿಗೆ ಯಾಕೆ ಹೇಳಬೇಕು? ಇನ್‌ಸ್ಪೆಕ್ಟರ್ ಇನ್ನೂ ಮುಂದೆ ಹೋಗಿ, "ಹೌದು, ನಮ್ಮ ಜಿಲ್ಲೆ ಮುಂಬೈ ರಾಜ್ಯಕ್ಕೆ ಸೇರಿದೆಯಲ್ಲ," ಎನ್ನುತ್ತಾರೆ. ಮಳೆಯಲ್ಲಿ ನೆನೆಯುತ್ತ ಇಬ್ಬರು ಪೊಲೀಸರು ಭೂಗೋಳ ಒಪ್ಪಿಸುವುದೇ? ಪೇದೆ ಹೆಣದ ಸೊಂಟ ತಡಕಲಿ, ಸಿಕ್ಕ ಸೀಸೆ ಮೂಸಲಿ, ಸಾಹೇಬರು ಆಚೆ ತಿರುಗಿದಾಗ ಮೆಲ್ಲಗೆ ಕೋಟಿನೊಳಗೆ ಸೇರಿಸಲಿ. ಕಾಯ್ದೆಯೂ ತಿಳಿಯಿತು, ಪೇದೆಯೂ ತಿಳಿದ.

ಹಾಗೆ ಬರೆಯುವುದಾದರೆ ಸೀಸೆಯಲ್ಲಿ ಈಗಿರುವ ಹಾಗೆ "ಆಗತಾನೇ ಇಳಿಸಿದ ಉರಾಕ್" ಬೇಡ. ಗೇರುಹಣ್ಣಿನ ಕಾಲ ಬೇಸಿಗೆ. ಮೊದಲ ಬಟ್ಟಿಯ ಉರಾಕ್ ಮಳೆಗಾಲದ ನಡುವೆ ಎಲ್ಲಿಂದ ಬರಬೇಕು? ಎರಡನೇ ಬಟ್ಟಿಯ ಫೆನ್ನಿ ಇಡಿ, ಅದು ಉಳಿಯುತ್ತದೆ.

ಎರಡನೇ ಅಧ್ಯಾಯ ತಿದ್ದಿ ಕಳಿಸಿ. ಉಳಿದವು ಸದ್ಯಕ್ಕೆ ನಿಮ್ಮಲ್ಲೇ ಇರಲಿ.

ಇತಿ,
ಸಂಪಾದಕ